ಹೆಬ್ಬೆರಳಿನ ರಸಾಸ್ವಾದ

ಗೆಳೆಯರ ಫೋನ್ ಗುಂಪಿಗೆ ಸುಬ್ಬು ದಿನಾ ಬೆಳಿಗ್ಗೆ ಏಳಕ್ಕೆ ಒಂದು ಇಂಗ್ಲಿಷ್ ಹಾಡು, ಜೊತೆಗೊಂದು ಟಿಪ್ಪಣಿ ಹಾಕುತ್ತಾನೆ. ಉಳಿದವರು ಮೆಚ್ಚುಗೆಯ ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ.

"ಇವತ್ತಿನ ಹಾಡು ಕೇಳಿದ್ಯೇನೋ?" ಅಂದ ಸುಬ್ಬು.

"ಎಲ್ಲಿ ಕೇಳ್ಲಿ! ನಿನ್ನ ಟಿಪ್ಪಣಿ ಓದಿ ಮುಗಿಸೋಷ್ಟರಲ್ಲಿ ಆಫೀಸೇ ಬಂತು" ಅಂದ ಶಾಮ.

"ನಾನು ಕೇಳ್ದೆ. ಡ್ರಮ್ಸ್ ಅದ್ಭುತ!" ಅಂದ ಮೂರ್ತಿ.

"ಗೊತ್ತು" ಅಂದ ಶಾಮ. "ಏಳಕ್ಕೆ ಹಾಡು ಬಂತು, ಏಳು ಒಂದಕ್ಕೆ ನಿನ್ನ ಹೆಬ್ಬೆರಳು ಬಂತು. ಅಲ್ಲಯ್ಯಾ, ರಾಕ್ ತಂಡ ಲೆಡ್ ಜೆಪ್ಲಿನ್ನವರ 'ಸ್ಟೇರ್‌ವೇ ಟು ಹೆವನ್' 1971ರಲ್ಲೂ 8 ನಿಮಿಷ, ನಿನ್ನ ಫೋನಲ್ಲೂ 8 ನಿಮಿಷ. 4 ನಿಮಿಷ ದಾಟೋತನಕ ಅವರ ಡ್ರಮ್ಮರ್ ಜಾನ್ ಬಾನಮ್ ಡ್ರಮ್ಸ್ ಮುಟ್ಟೋದೇ ಇಲ್ಲ. ಮೊದಲನೇ ನಿಮಿಷಕ್ಕೇ ಅವನನ್ನ ಹೊಗಳಿದ್ಯಲ್ಲ, ಅಡ್ವಾನ್ಸ್ ಬುಕಿಂಗಾ?"

"ಒಟ್ಟು ಭಾವ ಹೇಳ್ದೆ ಕಣೋ."

"ಮೊನ್ನೆ ಬೀಟಲ್ಸ್ ತಂಡದ 'ಡ್ರೈವ್ ಮೈ ಕಾರ್' ಹಾಕಿದಾಗ ಡ್ರಮ್ಸೇ ಇಲ್ಲ ಅಂದೆ?"

"ಇರ್ಲಿಲ್ಲ! ಅದನ್ನ ಮಾತ್ರ ನಿಜವಾಗ್ಲೂ ಕೇಳ್ದೆ."

"ನಿನ್ನ ಎಡಗಿವಿ ಇಯರ್‌ಬಡ್ ಕೆಟ್ಟು ಎಷ್ಟು ದಿನ ಆಯ್ತು?"

"ದೀಪಾವಳಿಯಿಂದ..."

"ಅದಕ್ಕೇ. 1965ರಲ್ಲಿ ಬೀಟಲ್ಸ್ ರೆಕಾರ್ಡ್ ಮಾಡ್ತಿದ್ದಿದ್ದು ನಾಲ್ಕು ಟ್ರ್ಯಾಕಿನ ಟೇಪಲ್ಲಿ. ಸ್ಟೀರಿಯೋ ಮಾಡುವಾಗ, ಅಂದ್ರೆ ಎರಡು ಕಿವಿಗೆ ಹಂಚುವಾಗ, ಹಾಡೋ ದನಿ ಬಲಕ್ಕೆ, ಡ್ರಮ್ಸು ಬೇಸ್ ಗಿಟಾರು ಎಡಕ್ಕೆ. ಪಾಪ, ಅವರ ಡ್ರಮ್ಮರ್ ರಿಂಗೋ ನಿನ್ನ ಸತ್ತ ಕಿವಿಯಲ್ಲಿ ಬಾರಿಸ್ತಾ ಕೂತಿದ್ದ. ಫೋನಿನ ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿ ಅಂತಿದೆ, ಅಲ್ಲಿ ಮೋನೋ ಆಡಿಯೋ ಆನ್ ಮಾಡು. ಎರಡೂ ಕಡೆಯದು ಒಂದೇ ಕಿವಿಗೆ ಬೀಳುತ್ತೆ."

ಕಮಲಕ್ಕ ಬೋಂಡಾ ಮುರಿಯುತ್ತಾ, "ನಮ್ಮ ಆನಿವರ್ಸರಿಗೆ ಸುಬ್ಬು ಹಾಕಿದ ಹಾಡು ಮಾತ್ರ ಚೆನ್ನಾಗಿತ್ತಪ್ಪ. ಪೊಲೀಸ್ ಅಂತ ಏನೋ ತಂಡ" ಅಂದರು.

"'ಎವ್ರಿ ಬ್ರೆತ್ ಯು ಟೇಕ್', 1983" ಅಂದ ಶಾಮ. "ಅಕ್ಕಾ, ಆ ತಂಡದ ಹಾಡುಗಾರ ಸ್ಟಿಂಗ್ ಅದನ್ನ ಬರೆದಿದ್ದು ಅವನ ಸಂಸಾರ ಮುರಿದು ಬೀಳ್ತಿದ್ದಾಗ. ಬಿಟ್ಟುಹೋದವಳ ಉಸಿರು, ಹೆಜ್ಜೆ ಎಲ್ಲದರ ಮೇಲೂ ಕಣ್ಣಿಟ್ಟು ಕೂತಿರೋನ ಹಾಡು ಅದು. ರಾಗ ಮೃದುವಾಗಿದೆ ಅಂತ ಜನ ಮದುವೆ ಮನೇಲೂ ಹಾಕ್ತಾರೆ."

"ನಮ್ಮೆಜಮಾನ್ರೂ ಮೊದಲಿಂದ ಹಾಗೇನೇ. ಸರಿಯಾಗೇ ಹಾಕಿದ್ದಾನೆ ಬಿಡು."

ಸುಬ್ಬುವಿಗೆ ಬೇಜಾರಾಯಿತು. "ಹಾಗಾದ್ರೆ ಏನು, ಹಾಡು ಹಂಚೋದೇ ಬೇಡ್ವಾ?"

"ಹಂಚು" ಅಂದ ಶಾಮ. "ಹಿಂದಿನ ರಾತ್ರಿ ಮೂರು ಸಲ ಕೇಳು. ಒಂದ್ಸಲ ಸುಮ್ನೆ, ಒಂದ್ಸಲ ಬರೀ ಬೇಸ್ ಹಿಂದೆ ಹೋಗು, ಕೊನೇ ಸಲ ಸಾಹಿತ್ಯ ಎದುರಿಗಿಟ್ಕೊಂಡು. ಆಮೇಲೆ ಮೂರೇ ಸಾಲು ಬರಿ. ಅದರಲ್ಲಿ 'ಎಷ್ಟನೇ ನಿಮಿಷದಲ್ಲಿ ಏನಾಗುತ್ತೆ ನೋಡಿ' ಅಂತ ಒಂದು ಗುರುತು ಇರ್ಲಿ. ಲಿಂಕು ಆಲ್ಬಂನದ್ದೇ ಕೊಡು. ಲೈವ್ ಕೊಟ್ರೆ ನೀನು ಹೇಳಿದ ನಿಮಿಷಕ್ಕೆ ಅಲ್ಲಿ ಚಪ್ಪಾಳೆ ಹೊಡೀತಿರ್ತಾರೆ. 'ಈ ಹಾಡು ಬದುಕಿನ ಪಯಣ' ಅಂತ ಮಾತ್ರ ಬರೀಬೇಡ. ಯಾವ ಹಾಡಿಗೆ ಬೇಕಾದ್ರೂ ಹೊಂದುತ್ತೆ, ಬಸ್ ಪಾಸಿಗೂ ಹೊಂದುತ್ತೆ."

"2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ತಂಡ ಬಂದಾಗ..." ಅಂತ ಮೂರ್ತಿ ಶುರು ಮಾಡಿದ.

"ಆಗ ಜನ ಹೆಬ್ಬೆರಳು ತೋರಿಸಿ ಮನೆಗೆ ಹೋದ್ರಾ? ಧೂಳಲ್ಲಿ ನಿಂತು ಕೊನೇ ಹಾಡಿನ ತನಕ ಕೇಳಿದ್ರು."

ಸುಬ್ಬು ಸ್ವಲ್ಪ ಹೊತ್ತು ಬಿಟ್ಟು ಅಂದ: "ನೀವು ಕೇಳಲ್ಲ ಅಂತ ನನಗೆ ಗೊತ್ತಿಲ್ವೇನೋ? ಮಗ ಸೊಸೆ ಎದ್ದು ಹೊರಟುಹೋಗ್ತಾರೆ. ಏಳು ಗಂಟೆಗೆ ನಾಲ್ಕು ಹೆಬ್ಬೆರಳು ಬಂದ್ರೆ, ಸದ್ಯ, ಎಲ್ಲರೂ ಇದ್ದಾರೆ ಅನ್ಸುತ್ತೆ."

"ಹಾಜರಿ ಹಾಕೋಕೆ ಗುಡ್ ಮಾರ್ನಿಂಗ್ ಗುಲಾಬಿ ಇದೆಯಲ್ಲೋ" ಅಂದ ಶಾಮ, ದನಿ ತಗ್ಗಿಸಿ. "ಅದಕ್ಕೆ 1980ರಲ್ಲೇ ಮಲಗಿದ ಬಾನಮ್‌ನ ಯಾಕೆ ಎಬ್ಬಿಸ್ತೀಯ? ಸರಿ, ನಾಳೆ ಬೀಟಲ್ಸ್‌ನವರ 'ಎ ಡೇ ಇನ್ ದ ಲೈಫ್' ಹಾಕು, 1967ರದ್ದು. ಕೊನೇಲಿ ಹಲವು ಪಿಯಾನೋ ಒಟ್ಟಿಗೆ ಒಂದೇ ಸ್ವರಗುಚ್ಛ ಬಾರಿಸ್ತಾರೆ, 40 ಸೆಕೆಂಡಿಗೂ ಮೀರಿ ಎಳೆಯುತ್ತೆ. ನಾದ ಇಳೀತಾ ಬಂದ ಹಾಗೆ ಎಂಜಿನಿಯರ್ ವಾಲ್ಯೂಮ್ ಏರಿಸ್ತಾ ಹೋದ. ಅದಕ್ಕೇ ತೀರಾ ಕೊನೇಲಿ ಸ್ಟುಡಿಯೋದ ಕುರ್ಚಿ ಕಿರ್ ಅನ್ನೋದೂ ಕೇಳುತ್ತೆ. ಯಾರು ಪೂರ್ತಿ ಕೇಳಿದ್ರು ಅನ್ನೋದು ಅದರಲ್ಲೇ ಗೊತ್ತಾಗುತ್ತೆ."

ಮೂರ್ತಿ ಆಗಲೇ ಫೋನ್ ತೆಗೆದು ಟೈಪ್ ಮಾಡುತ್ತಿದ್ದ: "ಕುರ್ಚಿ ಅಮೋಘ!"

"ಕಳಿಸ್ಬೇಡ ಕಣೋ" ಅಂದ ಸುಬ್ಬು, "ಏಳು ಗಂಟೆ ತನಕ ಇಟ್ಕೊಂಡಿರು."