ವಿಶ್ವಕೋಶದ ಲೇಖನಕ್ಕೆ ಯಾವ ಚಿತ್ರ? – ಚಿತ್ರ ಸಂಪಾದಕರೊಂದಿಗೆ ಪ್ರಶ್ನೋತ್ತರ

(ಕಾಸರಗೋಡಿನ ಊರು, ಕೃಷಿ, ಕಲೆ, ಸಾಹಿತ್ಯಗಳ ಕುರಿತು ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರ ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯ ಸದಸ್ಯರಿದ್ದಾರೆ. ಪುಸ್ತಕ ಪ್ರಕಾಶನದಲ್ಲಿ ಚಿತ್ರ ಸಂಪಾದಕರಾಗಿದ್ದ ಅವರು ಈಗ, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಚಿತ್ರಗಳ ಪರಿಶೀಲನೆಯಲ್ಲಿ ತೊಡಗಿಕೊಂಡಿದ್ದಾರೆ. ಸದಸ್ಯರು ಅವರಿಗೆ ಕೇಳಿದ ಪ್ರಶ್ನೆಗಳನ್ನೂ ಅವರು ಕೊಟ್ಟ ಉತ್ತರಗಳನ್ನೂ ಇಲ್ಲಿ ಕೊಡಲಾಗಿದೆ.)

ಪ್ರಶ್ನೆ (ಕುಂಬಳೆಯ ಅಧ್ಯಾಪಕಿ): ನಮಸ್ಕಾರ ಸರ್. ಬೇಕಲ ಕೋಟೆಯ ಲೇಖನಕ್ಕಾಗಿ ನಮ್ಮ ಮಕ್ಕಳು ತೆಗೆದ ಹಲವು ಚಿತ್ರಗಳಿವೆ. ಸೂರ್ಯಾಸ್ತದ ಕೆಂಪಿನೆದುರು ಕೋಟೆ ಕಪ್ಪಾಗಿ ನಿಂತಿರುವ ಚಿತ್ರ ಎಲ್ಲರಿಗೂ ಬಹಳ ಇಷ್ಟವಾಯಿತು. ಆದರೆ ಕಾಮನ್ಸ್‌ನ ‘ಮೌಲ್ಯಯುತ ಚಿತ್ರ’ ಎಂಬ ಮನ್ನಣೆಗೆ ಅದು ಒಪ್ಪುವುದಿಲ್ಲವೆಂದು ಒಬ್ಬರು ಹೇಳಿದರು. ಚಂದದ ಚಿತ್ರಕ್ಕೂ ಮೌಲ್ಯಯುತ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ದಯವಿಟ್ಟು ತಿಳಿಸುವಿರಾ?

ಉತ್ತರ: ನಮಸ್ಕಾರ ಟೀಚರ್. ಕಾಮನ್ಸ್‌ನಲ್ಲಿ ಮೂರು ಬಗೆಯ ಮನ್ನಣೆಗಳಿದ್ದು, ಒಂದೊಂದರ ಅಳತೆಗೋಲು ಬೇರೆಯಾಗಿದೆ. ‘ವಿಶೇಷ ಚಿತ್ರ’ವಾಗಬೇಕಾದರೆ ನೋಡಿದೊಡನೆ ಮನಸ್ಸನ್ನು ಹಿಡಿದು ನಿಲ್ಲಿಸುವ ಗುಣವೂ ಕನಿಷ್ಠ 20 ಲಕ್ಷ ಪಿಕ್ಸೆಲ್‌ಗಳ ಗಾತ್ರವೂ ಇರಬೇಕು. ‘ಗುಣಮಟ್ಟದ ಚಿತ್ರ’ದಲ್ಲಿ ಬೆಳಕು, ಸ್ಪಷ್ಟತೆ, ಚೌಕಟ್ಟು ಮೊದಲಾದ ತಾಂತ್ರಿಕ ಕೌಶಲವನ್ನು ನೋಡುತ್ತಾರೆ. 2008ರಲ್ಲಿ ಆರಂಭವಾದ ‘ಮೌಲ್ಯಯುತ ಚಿತ್ರ’ದ ವಿಭಾಗದಲ್ಲಿ ಮಾತ್ರ, ಈ ವಿಷಯವನ್ನು ಓದುಗನಿಗೆ ತಿಳಿಸಿಕೊಡಲು ಕಾಮನ್ಸ್‌ನಲ್ಲಿರುವ ಚಿತ್ರಗಳ ಪೈಕಿ ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಬೇರೊಂದಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಆದ್ದರಿಂದ ಅಲ್ಲಿ ಚಿತ್ರದ ಜೊತೆಗೆ ಅದರ ವ್ಯಾಪ್ತಿಯನ್ನೂ, ಅಂದರೆ ಅದು ಯಾವ ವಿಷಯವನ್ನು ಪ್ರತಿನಿಧಿಸುತ್ತದೆ ಎಂಬುದನ್ನೂ, ಹೇಳಿಯೇ ನಾಮನಿರ್ದೇಶನ ಮಾಡಬೇಕಾಗುತ್ತದೆ. ಒಂದು ವ್ಯಾಪ್ತಿಗೆ ಒಂದೇ ಚಿತ್ರ. ನಾಳೆ ಅದಕ್ಕಿಂತ ಉತ್ತಮವಾದದ್ದು ಬಂದರೆ ಎರಡನ್ನೂ ಹೋಲಿಸಿ ನೋಡಿ ಹಳೆಯದರ ಮನ್ನಣೆಯನ್ನು ಹೊಸದಕ್ಕೆ ಕೊಡುವ ಪದ್ಧತಿಯೂ ಇದೆ.

ಇನ್ನು ನಿಮ್ಮ ಮಕ್ಕಳ ಚಿತ್ರಗಳ ವಿಚಾರ. ಬೇಕಲವು 17ನೆಯ ಶತಮಾನದಲ್ಲಿ ಇಕ್ಕೇರಿಯ ನಾಯಕರು ಕಟ್ಟಿಸಿದ, ಸುಮಾರು 40 ಎಕರೆಯಷ್ಟು ವಿಸ್ತಾರವಾದ, ಕಡಲಿಗೆ ಚಾಚಿಕೊಂಡಿರುವ ಮುರಕಲ್ಲಿನ ಕೋಟೆ. ಸೂರ್ಯಾಸ್ತದ ಚಿತ್ರದಲ್ಲಿ ಈ ಮಾತುಗಳಲ್ಲಿ ಒಂದನ್ನಾದರೂ ಕಣ್ಣಿನಿಂದ ನೋಡಿ ಖಚಿತಪಡಿಸಿಕೊಳ್ಳಲು ಸಾಧ್ಯವಿಲ್ಲ. ಕಲ್ಲಿನ ಬಣ್ಣವೇ ಕಾಣುವುದಿಲ್ಲ, ಮತ್ತು ಅದು ಪಡುವಣ ಕರಾವಳಿಯ ಯಾವ ಕೋಟೆಯೂ ಆಗಿರಬಹುದು. ಬೆಳಗಿನ ಹೊತ್ತು ಪಕ್ಕದಿಂದ ಬಿಸಿಲು ಬೀಳುವಾಗ, ಕಡಲಿನ ಕಡೆಯ ಬುರುಜು, ಅದರಿಂದ ಮುಂದುವರಿಯುವ ಗೋಡೆ ಮತ್ತು ಅಡಿಯಲ್ಲಿರುವ ನೀರು ಒಟ್ಟಿಗೆ ಬರುವಂತೆ ತೆಗೆದ ಚಿತ್ರ ನಿಮ್ಮಲ್ಲಿದ್ದರೆ ಅದನ್ನೇ ಲೇಖನದ ತಲೆಯಲ್ಲಿ ಇಡಿ. ವೀಕ್ಷಣಾ ಬುರುಜಿಗೆ ಏರುವ ಅಗಲವಾದ ಇಳಿಜಾರನ್ನು ತೋರಿಸುವ ಚಿತ್ರಕ್ಕೆ ವಾಸ್ತುವಿನ ವಿಭಾಗದಲ್ಲಿ ಜಾಗವಿದೆ. ಕೋಟೆಯ ಒಟ್ಟು ಆಕಾರ ಆಕಾಶದಿಂದ ನೋಡಿದಾಗಲೇ ಚೆನ್ನಾಗಿ ತಿಳಿಯುತ್ತದೆ ಎಂಬುದು ನಿಜ. ಆದರೆ ಇದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಅನುಮತಿಯಿಲ್ಲದೆ ಡ್ರೋನ್ ಹಾರಿಸಲು ಮಕ್ಕಳನ್ನು ಬಿಡಬೇಡಿ.

ಪ್ರಶ್ನೆ (ಬದಿಯಡ್ಕದ ಸದಸ್ಯರು): ನನ್ನಲ್ಲಿ ಮೊಬೈಲ್ ಮಾತ್ರ ಇದೆ. ಇಂತಹ ಮನ್ನಣೆಗೆ ದೊಡ್ಡ ಕ್ಯಾಮೆರಾ ಬೇಕಲ್ಲವೇ?

ಉತ್ತರ: ಬೇಕಾಗಿಲ್ಲ. ಮೌಲ್ಯಯುತ ಚಿತ್ರವನ್ನು ಪರಿಶೀಲಿಸುವಾಗ 480×360 ಪಿಕ್ಸೆಲ್‌ನ ಆಸುಪಾಸಿನ ಸಣ್ಣ ಗಾತ್ರದಲ್ಲಿಯೇ ನೋಡುತ್ತಾರೆ, ಏಕೆಂದರೆ ಲೇಖನದಲ್ಲಿ ಓದುಗನ ಕಣ್ಣಿಗೆ ಬೀಳುವುದು ಆ ಅಳತೆಯಲ್ಲಿ. ನಿಮ್ಮ ಚಿತ್ರವನ್ನು ಅಷ್ಟು ಚಿಕ್ಕದಾಗಿಸಿ ನೋಡಿ. ಆಗಲೂ ವಿಷಯ ಯಾವುದೆಂದು ತಿಳಿಯುವಂತಿದ್ದರೆ ಸಾಕು.

ಪ್ರಶ್ನೆ (ಎಣ್ಮಕಜೆಯ ಯುವ ಕೃಷಿಕ): ಅಣ್ಣ, ನಾನು ಸುರಂಗಗಳ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ತೋಟದಲ್ಲಿಯೇ ಒಂದು ಇದೆ. ಬಾಗಿಲಲ್ಲಿ ನಿಂತು ತೆಗೆದರೆ ಕಪ್ಪು ತೂತು ಮಾತ್ರ ಕಾಣುತ್ತದೆ. ಒಳಗೆ ಫ್ಲ್ಯಾಶ್ ಹಾಕಿದರೆ ಹತ್ತಿರದ ಗೋಡೆ ಬೆಳ್ಳಗಾಗಿ ಉಳಿದದ್ದು ಕತ್ತಲಾಗುತ್ತದೆ. ಏನು ಮಾಡಬಹುದು?

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ. ನಮ್ಮ ಗುಡ್ಡಗಳ ನೀರಿನ ಕತೆಯನ್ನು ಹೊರಗಿನವರಿಗೆ ತಿಳಿಸಲು ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಸುರಂಗವನ್ನು ಕಂಡೇ ಇರದ ಓದುಗನಿಗೆ ತಿಳಿಯಬೇಕಾದದ್ದೇನು ಎಂಬುದನ್ನು ಮೊದಲು ಬರೆದುಕೊಳ್ಳಿ: ಅದು ಕೆಳಕ್ಕೆ ಇಳಿಯುವ ಬಾವಿಯಲ್ಲ, ಗುಡ್ಡದ ಮುರಕಲ್ಲಿನೊಳಕ್ಕೆ ಅಡ್ಡವಾಗಿ ಕೊರೆದ ದಾರಿ, ಒಬ್ಬ ಮನುಷ್ಯ ಕಷ್ಟದಿಂದ ನಡೆದುಹೋಗುವಷ್ಟು ಮಾತ್ರ ಅಗಲ, ಜಿನುಗುವ ನೀರು ಪಂಪಿನ ಸಹಾಯವಿಲ್ಲದೆ ತಾನಾಗಿಯೇ ಹೊರಗೆ ಹರಿದು ಕೆರೆಗೋ ಟ್ಯಾಂಕಿಗೋ ಬರುತ್ತದೆ. ಇಷ್ಟನ್ನೂ ಒಂದೇ ಚಿತ್ರ ಹೇಳಲಾರದು.

ಒಳಗಿನ ಚಿತ್ರಕ್ಕೆ ಕ್ಯಾಮೆರಾದ ಫ್ಲ್ಯಾಶನ್ನು ಬಿಟ್ಟುಬಿಡಿ. ಒಬ್ಬರು ಕೆಲವು ಮಾರು ಮುಂದೆ ನಿಲ್ಲಲಿ, ಅವರ ಬೆನ್ನ ಹಿಂದೆ, ಚಿತ್ರದಲ್ಲಿ ಕಾಣದಂತೆ ಒಂದು ಟಾರ್ಚನ್ನು ಗೋಡೆಯ ಕಡೆಗೆ ತಿರುಗಿಸಿ ಇಡಿ, ಮೊಬೈಲನ್ನು ಅಲುಗಾಡದಂತೆ ಸ್ಟ್ಯಾಂಡಿಗೆ ಸಿಕ್ಕಿಸಿ ರಾತ್ರಿಯ ಮೋಡ್‌ನಲ್ಲಿ ತೆಗೆಯಿರಿ. ಬೆಳಕು ಹಿಂದಿನಿಂದ ಓರೆಯಾಗಿ ಬಂದಾಗ ಪಿಕ್ಕಾಸಿನ ಏಟಿನ ಗುರುತುಗಳು ಗೋಡೆಯ ಮೇಲೆ ಎದ್ದು ಕಾಣುತ್ತವೆ, ಮತ್ತು ನಿಂತ ಮನುಷ್ಯನಿಂದಾಗಿ ಎತ್ತರ, ಅಗಲಗಳು ಅಂಕಿಯಿಲ್ಲದೆ ತಿಳಿಯುತ್ತವೆ. ಹೊರಗೆ ನೀರು ಬೀಳುವ ಜಾಗವನ್ನು ತೋಟದೊಂದಿಗೆ ಸೇರಿಸಿ ಬೇರೆಯಾಗಿ ತೆಗೆಯಿರಿ. ಅಡಿಕೆ ಮರದ ದಂಬೆಯಲ್ಲಿ (ಸೀಳಿ ಟೊಳ್ಳು ಮಾಡಿದ ಕಾಂಡ) ನೀರು ಹರಿಸುವ ಹಳೆಯ ಕ್ರಮ ಈಗಲೂ ಉಳಿದಿರುವ ಮನೆ ಹತ್ತಿರದಲ್ಲಿದ್ದರೆ ಅದನ್ನು ತಪ್ಪದೆ ದಾಖಲಿಸಿ. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಬಳಕೆಯಿಲ್ಲದ ಹಳೆಯ ಸುರಂಗಕ್ಕೆ ಚಿತ್ರಕ್ಕಾಗಿ ಹೋಗಬೇಡಿ. ಕುಸಿತದ ಭಯವೂ ಉಸಿರುಗಟ್ಟುವ ಭಯವೂ ಇದೆ. ನಿಮ್ಮ ಮನೆಯದ್ದಕ್ಕೂ ಒಬ್ಬರೇ ಇಳಿಯದೆ, ಸುರಂಗದ ಕೆಲಸ ಬಲ್ಲ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ.

ಇಷ್ಟಾದ ಮೇಲೂ ಲೇಖನದ ತಲೆಗೆ ನಾನು ಆರಿಸುವುದು ಬಹುಶಃ ಫೋಟೋವನ್ನಲ್ಲ, ರೇಖಾಚಿತ್ರವನ್ನು. ಗುಡ್ಡವನ್ನು ಉದ್ದಕ್ಕೆ ಸೀಳಿದಂತೆ ಬರೆದು ಮೇಲಿನ ಗಟ್ಟಿ ಮುರಕಲ್ಲು, ನೀರು ಜಿನುಗುವ ಪದರ, ಸುರಂಗ, ಉದ್ದನೆಯ ಸುರಂಗಗಳಲ್ಲಿ ಗಾಳಿಗಾಗಿ ಮೇಲಿನಿಂದ ತೋಡುವ ಕಿಂಡಿ, ಕೊನೆಗೆ ಕೆರೆ ಇವುಗಳನ್ನು ತೋರಿಸಿದರೆ ಓದುಗನಿಗೆ ಒಂದೇ ನೋಟಕ್ಕೆ ಎಲ್ಲವೂ ಅರ್ಥವಾಗುತ್ತದೆ. ಅದನ್ನು ಎಸ್‌ವಿಜಿ ರೂಪದಲ್ಲಿ (ಬರಹವನ್ನು ಆಮೇಲೆ ತಿದ್ದಬಹುದಾದ ರೇಖಾಚಿತ್ರದ ಕಡತ) ಮಾಡಿ ಹೆಸರುಗಳನ್ನು ಅಕ್ಷರಗಳಾಗಿಯೇ ಉಳಿಸಿದರೆ, ಮಲಯಾಳ ಮತ್ತು ತುಳು ವಿಕಿಪೀಡಿಯದವರು ತಮ್ಮ ಭಾಷೆಯ ಹೆಸರುಗಳನ್ನು ಹಾಕಿ ಅದೇ ಚಿತ್ರವನ್ನು ಬಳಸಿಕೊಳ್ಳಬಹುದು.

ಪ್ರಶ್ನೆ (ಯಕ್ಷಗಾನದ ಹವ್ಯಾಸಿ ಕಲಾವಿದ): ನನ್ನ ಬಣ್ಣದ ವೇಷದ (ರಾಕ್ಷಸ ಪಾತ್ರದ) ಚಿತ್ರವೊಂದನ್ನು ‘ಯಕ್ಷಗಾನ’ ಎಂಬ ವ್ಯಾಪ್ತಿಯಲ್ಲಿ ಸೂಚಿಸಬಹುದೇ?

ಉತ್ತರ: ಅದು ತೀರಾ ವಿಶಾಲವಾಗುತ್ತದೆ. ಬಡಗು, ತೆಂಕು, ಮೂಡಲಪಾಯ ಎಂಬ ಪ್ರಭೇದಗಳನ್ನೆಲ್ಲ ಒಂದೇ ವೇಷ ಪ್ರತಿನಿಧಿಸುವುದು ಹೇಗೆ? ‘ತೆಂಕುತಿಟ್ಟಿನ ಬಣ್ಣದ ವೇಷ’ ಎಂಬುದು ಸರಿಯಾದ ವ್ಯಾಪ್ತಿ. ‘ಇಂತಹ ಮೇಳದ ಇಂತಹ ಪ್ರಸಂಗದ ಇಂತಹ ಪಾತ್ರ’ ಎಂದರೆ ತೀರಾ ಕಿರಿದಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ರಂಗಸ್ಥಳದ ಅಬ್ಬರದ ಚಿತ್ರಗಳಿಗಿಂತ ಚೌಕಿಯಲ್ಲಿ (ವೇಷ ಹಾಕಿಕೊಳ್ಳುವ ಜಾಗ) ಮುಖದ ಮೇಲೆ ಚಿಟ್ಟಿ (ಅಕ್ಕಿಹಿಟ್ಟಿನ ಉಬ್ಬು ಚುಕ್ಕೆಗಳು) ಇಡುತ್ತಿರುವ ಹಂತದ ಚಿತ್ರಗಳ ಕೊರತೆ ಹೆಚ್ಚು. ಬರಿಯ ಮುಖದಿಂದ ಕಿರೀಟ ಕಟ್ಟುವವರೆಗಿನ ಹಂತಗಳನ್ನು ಒಂದೇ ಕೋನದಿಂದ ಕ್ರಮವಾಗಿ ತೆಗೆದುಕೊಡಿ. ಪ್ರಸಾಧನದ ಬಗ್ಗೆ ಬರೆಯುವವರಿಗೆ ಅದು ಬಹಳ ದೊಡ್ಡ ಉಪಕಾರವಾಗುತ್ತದೆ.

ಪ್ರಶ್ನೆ (ಪೆರ್ಲದ ಸದಸ್ಯೆ): ಎಂಡೋಸಲ್ಫಾನ್ ಕೀಟನಾಶಕದ ಲೇಖನಕ್ಕೆ ಬಾಧಿತ ಮಕ್ಕಳ ಚಿತ್ರ ಹಾಕದಿದ್ದರೆ ದುರಂತದ ತೀವ್ರತೆ ತಿಳಿಯುವುದಿಲ್ಲವೆಂದು ಕೆಲವರು ಹೇಳುತ್ತಾರೆ. ನನಗೆ ಹಿಂಜರಿಕೆಯಾಗುತ್ತಿದೆ.

ಉತ್ತರ: ನಿಮ್ಮ ಹಿಂಜರಿಕೆ ಸರಿಯಾದದ್ದು. ಪತ್ರಿಕೆಯೊಂದಕ್ಕೆ ಮನೆಯವರು ಕೊಡುವ ಒಪ್ಪಿಗೆಯೇ ಬೇರೆ, ಕಾಮನ್ಸ್‌ಗೆ ಬೇಕಾದ ಒಪ್ಪಿಗೆಯೇ ಬೇರೆ. ಇಲ್ಲಿಗೆ ಬಂದ ಚಿತ್ರವನ್ನು ಜಗತ್ತಿನ ಯಾರೂ, ಯಾವ ಉದ್ದೇಶಕ್ಕೂ, ವ್ಯಾಪಾರಕ್ಕೂ ಸಹ ಬಳಸಬಹುದು, ಮತ್ತು ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದೆಗೆದುಕೊಳ್ಳುವಂತಿಲ್ಲ. ಇದನ್ನು ತಾಯಿತಂದೆಯರಿಗೆ ಅವರ ಮಾತಿನಲ್ಲಿಯೇ ಬಿಡಿಸಿ ಹೇಳಿ, ಅವರು ಯೋಚಿಸಲು ಸಮಯ ತೆಗೆದುಕೊಂಡು ಒಪ್ಪದ ಹೊರತು ಅಂತಹ ಚಿತ್ರವನ್ನು ಏರಿಸಬಾರದು. ಒಪ್ಪಿದರೂ, ಮಗುವಿನ ದೇಹವನ್ನು ಮಾತ್ರ ಎತ್ತಿ ತೋರಿಸುವ ಚಿತ್ರದಿಂದ ಓದುಗನಿಗೆ ಕಾರಣ ತಿಳಿಯುವುದಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಆಕಾಶದಿಂದ ವಿಷ ಸಿಂಪಡಿಸಿದ್ದು, ಗುಡ್ಡದ ಮೇಲಿನ ಆ ತೋಟಗಳಿಗೂ ಕೆಳಗಿನ ಮನೆ, ಬಾವಿ, ತೋಡುಗಳಿಗೂ ಇರುವ ಸಾಮೀಪ್ಯ, 2011ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ ನಿಷೇಧಕ್ಕೆ ದಾರಿಮಾಡಿದ ಜನರ ಹೋರಾಟ – ಲೇಖನ ಹೇಳಬೇಕಾದದ್ದು ಇದನ್ನು. ಹಾಗಾಗಿ ತೋಟ ಮತ್ತು ಮನೆಗಳು ಒಂದೇ ಚೌಕಟ್ಟಿನಲ್ಲಿರುವ ಚಿತ್ರ, ತೋಟಗಳನ್ನು ಗುರುತಿಸಿದ ಭೂಪಟ, ಧರಣಿಯಲ್ಲಿ ತಾವಾಗಿಯೇ ಮುಂದೆ ನಿಂತು ಮಾತನಾಡುವ ವಯಸ್ಕರ ಚಿತ್ರ, ಇವು ನನಗೆ ಹೆಚ್ಚು ಮೌಲ್ಯದವಾಗಿ ಕಾಣುತ್ತವೆ.

ಪ್ರಶ್ನೆ (ಮಂಜೇಶ್ವರದ ಸದಸ್ಯರು): ನಮ್ಮ ಅಜ್ಜ ರಾಷ್ಟ್ರಕವಿ ಗೋವಿಂದ ಪೈಗಳ ಜೊತೆ ಸ್ಟುಡಿಯೋದಲ್ಲಿ ತೆಗೆಸಿಕೊಂಡ, 1960ರ ಸುಮಾರಿನ ಫೋಟೋ ನಮ್ಮ ಮನೆಯಲ್ಲಿದೆ. ಅದನ್ನು ಏರಿಸಬಹುದೇ?

ಉತ್ತರ: ಫೋಟೋ ನಿಮ್ಮ ಕೈಯಲ್ಲಿದೆ ಎಂದಮಾತ್ರಕ್ಕೆ ಹಕ್ಕು ನಿಮ್ಮದಾಗುವುದಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ನಿಮ್ಮ ಅಜ್ಜನೇ ಹಣ ಕೊಟ್ಟು ತೆಗೆಸಿದ್ದಾದರೆ ಈಗ ಅದು ಅವರ ವಾರಸುದಾರರಿಗೆ ಸೇರುತ್ತದೆ. ಎಲ್ಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಕಾಮನ್ಸ್‌ನ ಅನುಮತಿ ವಿಭಾಗಕ್ಕೆ ಮಿಂಚಂಚೆ ಕಳುಹಿಸಿ. ಪತ್ರಿಕೆಯ ಛಾಯಾಗ್ರಾಹಕರು ತೆಗೆದದ್ದಾದರೆ ಈ ದಾರಿಯಿಲ್ಲ. ಕವಿಗಳು 1963ರಲ್ಲಿ ತೀರಿಕೊಂಡವರಾದ್ದರಿಂದ ಹೊಸ ಚಿತ್ರ ಯಾರಿಂದಲೂ ಸಾಧ್ಯವಿಲ್ಲ. ಇಂತಹ ಮನೆಗಳಲ್ಲಿ ಉಳಿದಿರುವ ಫೋಟೋಗಳ ಬೆಲೆ ಅದರಲ್ಲಿದೆ. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ: ಸ್ಟುಡಿಯೋದ ಮುದ್ರೆ, ತಾರೀಕು, ಕೈಬರಹ ಏನಿದ್ದರೂ ಅದು ಪುರಾವೆ.

ಪ್ರಶ್ನೆ (ಕುಂಬಳೆಯ ಅಧ್ಯಾಪಕಿ): ಸರ್, ಕೊನೆಯದಾಗಿ ಒಂದು ಕೇಳಲೇ? ವಿವರಣೆಯನ್ನು ಕನ್ನಡದಲ್ಲಿ ಬರೆದರೆ ಹೊರಗಿನ ಪರಿಶೀಲಕರು ಒಪ್ಪುತ್ತಾರೆಯೇ?

ಉತ್ತರ: ಖಂಡಿತ ಒಪ್ಪುತ್ತಾರೆ ಟೀಚರ್, ಆದರೆ ಇಂಗ್ಲಿಷಿನಲ್ಲಿಯೂ ಎರಡು ಸಾಲು ಸೇರಿಸಿ, ಮಲಯಾಳ ಬಲ್ಲ ಮಕ್ಕಳಿದ್ದರೆ ಅವರಿಂದ ಅದನ್ನೂ ಬರೆಯಿಸಿ. ಕಡತದ ಹೆಸರಿನಲ್ಲಿ ಕ್ಯಾಮೆರಾ ಕೊಟ್ಟ ಅಂಕಿಗಳ ಬದಲು ವಿಷಯದ ಹೆಸರಿರಲಿ. ಕ್ಯಾಮೆರಾ ನಿಂತ ಸ್ಥಳದ ಅಕ್ಷಾಂಶ, ರೇಖಾಂಶ, ತೆಗೆದ ದಿನಾಂಕ, ಕೋಟೆಯ ಯಾವ ದಿಕ್ಕಿನಿಂದ ನೋಡಿದ ನೋಟ ಎಂಬುದು, ಸರಿಯಾದ ವರ್ಗ – ಇವಿಲ್ಲದಿದ್ದರೆ ಒಳ್ಳೆಯ ಚಿತ್ರವೂ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ಚಿತ್ರ ತೆಗೆದ ದಿನ ಸಂಜೆಯೇ ಮಕ್ಕಳಿಂದ ಇದನ್ನೆಲ್ಲ ಬರೆಯಿಸಿಕೊಳ್ಳಿ. ಬೇಕಲದ ಚಿತ್ರಗಳನ್ನು ಏರಿಸಿದ ಮೇಲೆ ಕೊಂಡಿಯನ್ನು ಇಲ್ಲಿ ಹಾಕಿದರೆ ವ್ಯಾಪ್ತಿಯ ಮಾತುಗಳನ್ನು ನಾವು ಒಟ್ಟಿಗೆ ಕುಳಿತು ಬರೆಯೋಣ.