ಸಹಾಯ ಬೇಕು: ನಮ್ಮಂಥದ್ದೇ ದೇಶದಲ್ಲಿ ಮಾಸ್ಟರ್ಸ್ ಓದಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಡಿಗ್ರಿ ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಈಗ ಹೊರದೇಶದಲ್ಲಿ ಮಾಸ್ಟರ್ಸ್ ಮಾಡುವ ಆಸೆ. ಭಾಷೆ ಅರ್ಧಕ್ಕರ್ಧ ಅರ್ಥವಾಗುವ, ಜನರ ರೀತಿನೀತಿ ನಮ್ಮದನ್ನೇ ಹೋಲುವ ದೇಶವನ್ನೇ ಬೇಕಂತಲೇ ಆರಿಸಿದೆ. "ಅಲ್ಲಿ ಹೊಂದಿಕೊಳ್ಳೋದು ಸುಲಭ ಬಿಡು" ಅಂತಾರೆ ಎಲ್ಲರೂ. ನನಗೆ ಅದೇ ಭಯ. ಮಾತು ಅರ್ಥವಾಗುವುದು ಬೇರೆ, ಅದೇ ಭಾಷೆಯಲ್ಲಿ ಥೀಸಿಸ್ ಬರೆಯುವುದು ಬೇರೆ, ಅಲ್ವಾ?

ಆಫರ್ ಲೆಟರ್ ಬಂದಿದೆ, ಆದರೆ ಕಂಡೀಷನಲ್, ಅಂದರೆ ಕೇಳಿದ ದಾಖಲೆ ಕೊಟ್ಟರೆ ಮಾತ್ರ ಸೀಟು. ಅಂಕಪಟ್ಟಿಗೆ ಅಪೊಸ್ಟಿಲ್ (ದಾಖಲೆಯ ಸಹಿ, ಸೀಲು ಅಸಲಿ ಅಂತ ಸರ್ಕಾರ ಕೊಡುವ ದೃಢೀಕರಣ) ಕೇಳಿದ್ದಾರೆ. ಎರಡೂ ದೇಶಗಳು ಅಪೊಸ್ಟಿಲ್ ಒಪ್ಪಿಕೊಳ್ಳುವ 1961ರ ಹೇಗ್ ಒಪ್ಪಂದದಲ್ಲಿವೆ, ಹಾಗಾಗಿ ರಾಯಭಾರ ಕಚೇರಿಗೆ ಅಲೆಯುವ ಕೆಲಸವಿಲ್ಲ. ತಲೆನೋವು ಬೇರೆಯೇ ಇದೆ. ಅವರ ಫಾರ್ಮಿನಲ್ಲಿ ಪ್ರತಿ ವಿಷಯದ ಮುಂದೆ 'ಕ್ರೆಡಿಟ್' (ಆ ವಿಷಯಕ್ಕೆ ಎಷ್ಟು ಓದು ಬೇಕು ಅಂತ ಅಳೆಯುವ ಲೆಕ್ಕ) ಅಂತ ಒಂದು ಕಾಲಂ. ನನ್ನ ಅಂಕಪಟ್ಟಿಯಲ್ಲಿ ಬರೀ ಅಂಕಗಳು! ಕಾಲೇಜಿನ ಆಫೀಸಿಗೆ ಮೂರು ಸಲ ಹೋದೆ. "ನಮ್ಮಲ್ಲಿ ಆ ಪದ್ಧತಿ ಇಲ್ಲ" ಅಂತ ಫಾರ್ಮನ್ನು ನನ್ನ ಕಡೆಗೇ ತಳ್ಳಿದರು.

ಕ್ರೆಡಿಟ್ ಬದಲು, ಪಾಠದ ಗಂಟೆಗಳಿರುವ ಸಿಲಬಸ್‌ಗೆ ಸಹಿ, ಸೀಲು ಹಾಕಿಸಿ ಕಳಿಸಿದರೆ ಒಪ್ಪುತ್ತಾರಾ? ಯಾರಾದರೂ ಹಾಗೆ ಮಾಡಿದ್ದೀರಾ?

ಇನ್ನೊಂದು. ನನ್ನ ಐಇಎಲ್‌ಟಿಎಸ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಅಂಕಗಳ 2 ವರ್ಷದ ಅವಧಿ ತರಗತಿ ಶುರುವಾಗುವ ಮೊದಲೇ ಮುಗಿಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇನೆ ಅನ್ನುವ ಪತ್ರ ಸಾಕಾ, ಮತ್ತೆ ಪರೀಕ್ಷೆ ಬರೆಯಬೇಕಾ?

ವಾಪಸ್ ಬಂದ ಮೇಲೆ ಆ ಡಿಗ್ರಿಗೆ ಇಲ್ಲಿ ಮಾನ್ಯತೆ ಸಿಕ್ಕವರಿದ್ದರೆ ಅದನ್ನೂ ತಿಳಿಸಿ. ಏಜೆಂಟರು ದಯವಿಟ್ಟು ಮೆಸೇಜ್ ಮಾಡಬೇಡಿ, ಸುಮ್ನೆ ಇಬ್ಬರ ಟೈಮೂ ವೇಸ್ಟು. ಈ ತಿಂಗಳೊಳಗೆ ದಾಖಲೆ ಕಳಿಸಬೇಕು.