ಅಪ್‌ಡೇಟ್: ಮಂತ್ರದ ಸಾಮಗ್ರಿಗೆ ಲೆಕ್ಕ ಇಡಬೇಕಾ?

ಡಂಜನ್ಸ್ ಅಂಡ್ ಡ್ರಾಗನ್ಸ್ (ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ) ಐದನೇ ಆವೃತ್ತಿ ಆಡಿಸುವಾಗ, ಪಾತ್ರಗಳು ಮಂತ್ರ ಹಾಕಲು ಬೇಕಾದ ಸಾಮಗ್ರಿಗೆಲ್ಲ ಲೆಕ್ಕ ಇಡಬೇಕಾ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ, ನಿಯಮದಲ್ಲಿ ಬೆಲೆ ಬರೆದಿರುವ ವಸ್ತುಗಳಿಗೆ ಮಾತ್ರ ಲೆಕ್ಕ ಇಟ್ಟೆವು. ಫೈರ್‌ಬಾಲ್ (ಬೆಂಕಿ ಉಂಡೆ ಎಸೆಯುವ ಮಂತ್ರ)ಗೆ ಬೇಕಾದ ಬಾವಲಿ ಹಿಕ್ಕೆ, ಗಂಧಕ ಎಲ್ಲ, ಆಟದಲ್ಲಿ 25 ಚಿನ್ನದ ನಾಣ್ಯ ಕೊಟ್ಟು ಕೊಳ್ಳುವ ಸಾಮಗ್ರಿ ಚೀಲದಲ್ಲೇ ಬಂತು. ಮಾಯಾ ವಸ್ತು ಏನೆಂದು ತಿಳಿಸುವ ಐಡೆಂಟಿಫೈ ಮಂತ್ರಕ್ಕೆ 100 ನಾಣ್ಯದ ಮುತ್ತು ಒಮ್ಮೆ ಕೊಂಡರೆ ಸಾಕು, ಖರ್ಚಾಗುವುದಿಲ್ಲ. ಸತ್ತವರನ್ನು ಬದುಕಿಸುವ ರಿವಿವಿಫೈ ಮಂತ್ರಕ್ಕೆ ಹಾಗಲ್ಲ, 300 ನಾಣ್ಯದ ವಜ್ರ ಪ್ರತಿ ಸಲ ಖಾಲಿ. ಆಟದ ರುಚಿ ಇರುವುದೇ ಇಲ್ಲಿ!

ಮೊನ್ನೆ ಆಟದಲ್ಲಿ ಒಂದು ಗುಹೆಯೊಳಗೆ ರೋಗ್ (ಕಳ್ಳಿಯ ಪಾತ್ರ), ಫೈಟರ್ (ಯೋಧನ ಪಾತ್ರ) ಇಬ್ಬರೂ ಸತ್ತರು. ಈ ಮಂತ್ರ ಹಾಕಬಲ್ಲ ಕ್ಲೆರಿಕ್ (ಪುರೋಹಿತ ಪಾತ್ರ) ಹತ್ತಿರ ಇದ್ದದ್ದು ಒಂದೇ ವಜ್ರ. ಸತ್ತ ಒಂದು ನಿಮಿಷದೊಳಗೆ ಮಂತ್ರ ಹಾಕಬೇಕು ಅಲ್ವಾ? ಟೇಬಲ್ ಸುತ್ತ ಯಾರೂ ಮಾತಾಡಲಿಲ್ಲ. ಕೊನೆಗೆ ರೋಗ್ ಬದುಕಿದಳು. ಈಗ ಯಾವ ಊರಿಗೆ ಹೋದರೂ ಎಲ್ಲರೂ ಮೊದಲು ವಜ್ರದ ಅಂಗಡಿ ಹುಡುಕುತ್ತಾರೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.